ಎರಡು ತಲೆಗೆ ನಾಲ್ಕು ಹೆಲ್ಮೆಟ್

ನಮ್ಮ ಮನೆಯ ಚಪ್ಪಲಿ ಸ್ಟ್ಯಾಂಡ್ ಮೇಲೆ ಈಗ ಮಕ್ಕಳ ಹೆಲ್ಮೆಟ್ ನಾಲ್ಕಿವೆ. ಮಕ್ಕಳು ಇಬ್ಬರೇ. ಮಗಳಿಗೆ ಆರು ವರ್ಷ, ಮಗನಿಗೆ ಮೂರೂವರೆ. ಜನವರಿಯಿಂದ ಮೇ ಕೊನೆವರೆಗೆ ವಿಜಯಪುರದ ಧೂಳು, ಬಿಸಿಲು ಎರಡರಲ್ಲೂ ಸ್ಕೂಟರ್ ಮೇಲೆ ಹಾಕಿಸಿ ನೋಡಿದ್ದೇನೆ. ಮನೆಯವರ ಕೈಲಿ ಬೈಸಿಕೊಂಡೂ ಇದ್ದೇನೆ.

ಮೊದಲು ಕಾನೂನು ಹೇಳಿಬಿಡುತ್ತೇನೆ, ಯಾಕಂದ್ರೆ ಯಾವುದು ಕೊಳ್ಳಬೇಕು ಅನ್ನೋದು ಅದರ ಮೇಲೇ ನಿಂತಿದೆ. ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನ ಪ್ರಕಾರ ನಾಲ್ಕು ವರ್ಷ ದಾಟಿದ ಮಗುವಿಗೂ ದೊಡ್ಡವರ ಹಾಗೆ ಐಎಸ್‌ಐ ಹೆಲ್ಮೆಟ್ಟೇ ಬೇಕು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರಿಗೆ ಬೇರೆ ನಿಯಮ. 2022ರಲ್ಲಿ ಹೊರಟು 2023ರ ಫೆಬ್ರುವರಿ 15ರಿಂದ ಜಾರಿಯಲ್ಲಿದೆ. ಮಗುವನ್ನು ಸವಾರರಿಗೆ ಬೆಲ್ಟಿನಿಂದ ಕಟ್ಟಬೇಕು, ಹೆಲ್ಮೆಟ್ ಹಾಕಬೇಕು, ಗಾಡಿ ಗಂಟೆಗೆ 40 ಕಿಲೋಮೀಟರ್ ದಾಟಬಾರದು. ಇವರಿಗೆ ಸೈಕಲ್ ಹೆಲ್ಮೆಟ್ ಕೂಡ ನಡೆಯುತ್ತದೆ. ಅಂದರೆ ಮಗನಿಗೆ ಸರಿ ಇರುವುದು ಮಗಳಿಗೆ ಸರಿಯಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸುವ ಹಾಗೂ ಇಲ್ಲ. ಗಾಡಿ ಓಡಿಸುವವರ ಜೊತೆ ಇನ್ನೊಬ್ಬರಿಗಷ್ಟೇ ಜಾಗ. ಹಾಗಾಗಿ ನನ್ನದು ಬೆಳಿಗ್ಗೆ ಎರಡು ಟ್ರಿಪ್ಪು.

ಮೊದಲು ಕೊಂಡದ್ದು ರಸ್ತೆ ಬದಿಯ ಟೋಪಿ ಹೆಲ್ಮೆಟ್, 220 ರೂಪಾಯಿ. ಗುಲಾಬಿ ಬಣ್ಣ, ಮೇಲೆ ಬೆಕ್ಕಿನ ಚಿತ್ರ. "ಐಎಸ್‌ಐ ಅದ ಏನ್ರೀ?" ಅಂದೆ. "ಅಕ್ಕಾರ, ಸಣ್ಣ ಹುಡುಗ್ರಿಗೆ ಯಾರ್ ಕೇಳ್ತಾರ್ರೀ" ಅಂದ. ಸ್ಟಿಕರ್ ಅಂತೂ ಇತ್ತು. ಮನೆಗೆ ಬಂದು ಒಳಗೆ ಹೆಬ್ಬೆರಳಿನಿಂದ ಒತ್ತಿದೆ. ಸ್ಪಂಜು ಪೂರಾ ಕುಗ್ಗಿ ಪ್ಲಾಸ್ಟಿಕ್ಕೇ ಕೈಗೆ ಸಿಕ್ಕಿತು. ಗಟ್ಟಿ ಥರ್ಮಾಕೋಲ್ ಪದರ ಇರಲೇ ಇಲ್ಲ. ಏಟು ಬಿದ್ದಾಗ ತಾನು ಜಜ್ಜಿಹೋಗಿ ತಲೆ ಉಳಿಸುವುದು ಅದೇ ಅಲ್ವಾ? ಜೋರಾಗಿ ಒಮ್ಮೆ ಬಿದ್ದ ಹೆಲ್ಮೆಟ್ ಹೊರಗೆ ಎಷ್ಟೇ ಚೆಂದ ಕಂಡರೂ ಮತ್ತೆ ಹಾಕಬಾರದು ಅನ್ನುವುದೂ ಇದಕ್ಕೇ. ನಿಜವಾದ ಐಎಸ್‌ಐ ಗುರುತಿನಲ್ಲಿ ಮೇಲೆ ಐಎಸ್ 4151 ಅಂತ ಹೆಲ್ಮೆಟ್ ಮಾನದಂಡದ ಸಂಖ್ಯೆ, ಕೆಳಗೆ ಸಿಎಂ/ಎಲ್ ಅಂತ ಲೈಸೆನ್ಸ್ ಸಂಖ್ಯೆ ಇರುತ್ತದೆ. ಅದನ್ನು, ಈ ಗುರುತು ಕೊಡುವ ಸರ್ಕಾರಿ ಸಂಸ್ಥೆಯದೇ ಆದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ನನ್ನದರಲ್ಲಿ ಸಂಖ್ಯೆಯೇ ಇರಲಿಲ್ಲ. ಈಗ ಮಗ ಅದರಲ್ಲಿ ಗೋಲಿ ಇಡುತ್ತಾನೆ.

ಆಮೇಲೆ ಸಿಟ್ಟಿಗೆ ಒಮ್ಮೆಲೇ ಮುಖ ಪೂರಾ ಮುಚ್ಚುವ ಐಎಸ್‌ಐ ಹೆಲ್ಮೆಟ್ ತಂದೆ, 1,450 ರೂಪಾಯಿ. ಹುಬ್ಬಿನ ಮೇಲೆ ಟೇಪು ಸುತ್ತಿದರೆ ಮಗಳ ತಲೆ 52 ಸೆಂಟಿಮೀಟರ್. ಅಂಗಡಿಯವರು "ಬೆಳೆಯೋ ಹುಡುಗಿ, ಒಂದ್ ಸೈಜ್ ದೊಡ್ಡದ ತಗೋರಿ" ಅಂದರು. ಶಾಲೆ ಬೂಟು ಕೊಳ್ಳುವ ಲೆಕ್ಕ! ನಾನು ಕೇಳಲಿಲ್ಲ. ಗದ್ದದ ಪಟ್ಟಿ ಹಾಕಿ, ಹಿಂದಿನಿಂದ ಮೇಲಕ್ಕೆ ತಳ್ಳಿ ನೋಡಿ. ಮುಂದಕ್ಕೆ ಕಳಚಿ ಬಂದರೆ ಅದು ದೊಡ್ಡದಾಯಿತು ಅಂತ.

ಮೊದಲ ದಿನ ಮಗಳಿಗೆ ಖುಷಿಯೋ ಖುಷಿ. "ಅವ್ವಾ, ಒಳಗ ಗೋಳಗುಮ್ಮಟದಾಂಗ ಕೇಳ್ತದ" ಅಂತ ದಾರಿಯುದ್ದಕ್ಕೂ ಹಾಡಿದಳು. ಮೂರನೇ ದಿನ "ಕುತಿಗಿ ನೋಯ್ತದ" ಶುರು. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟೆ. 1 ಕಿಲೋ 100 ಗ್ರಾಂ. ರಸ್ತೆಯ ಪ್ರತಿ ಉಬ್ಬಿಗೂ ಅದರ ಗದ್ದ ನನ್ನ ಬೆನ್ನಿಗೆ ಗುದ್ದುತ್ತಿತ್ತು. ಮಾರ್ಚ್ ಬಂದ ಮೇಲಂತೂ ತೆಗೆದರೆ ಕೂದಲಿಂದ ನೀರು.

ಈಗ ಅವಳು ದಿನಾ ಹಾಕುವುದು ಮುಖ ತೆರೆದ ಐಎಸ್‌ಐ ಹೆಲ್ಮೆಟ್. 980 ರೂಪಾಯಿ, 760 ಗ್ರಾಂ. ಕಿವಿ ಮುಚ್ಚುತ್ತದೆ, ಮುಂದಿನ ಗ್ಲಾಸು ಧೂಳು ತಡೆಯುತ್ತದೆ. ಆದರೆ ಗದ್ದಕ್ಕೆ, ಹಲ್ಲಿಗೆ ರಕ್ಷಣೆ ಇಲ್ಲ. ಇದು ಸಣ್ಣ ವಿಷಯ ಅಲ್ಲ, ನಾಲ್ಕು ದಿನ ಯೋಚನೆ ಮಾಡಿದ್ದೇನೆ. ಊರೊಳಗೆ ಮೂರು ಕಿಲೋಮೀಟರು, ಗಾಂಧಿ ಚೌಕದ ಗದ್ದಲದಲ್ಲಿ 30ರ ಮೇಲೆ ಮುಳ್ಳು ಏರುವುದೇ ಇಲ್ಲ. ಅಷ್ಟಕ್ಕೆ ಇದನ್ನು ಒಪ್ಪಿದ್ದೇನೆ. ಸೋಲಾಪುರ ರಸ್ತೆ ಹಿಡಿಯುವುದಾದರೆ ಒಪ್ಪುತ್ತಿರಲಿಲ್ಲ. ಅಲ್ಲಿಗೆಲ್ಲ ನಮ್ಮದು ಬಸ್ಸೇ.

ಎರಡಕ್ಕೂ ಒಂದೇ ತಕರಾರು, ಜಡೆ. ಶಾಲೆಯಲ್ಲಿ ಎರಡು ಜಡೆ ಮಡಿಚಿ ರಿಬ್ಬನ್ ಕಟ್ಟಲೇಬೇಕು. ಮಡಿಚಿದ ಜಡೆ ಕಿವಿ ಹಿಂದೆ ಗಂಟಾಗಿ ಒತ್ತುತ್ತದೆ, ಹೆಲ್ಮೆಟ್ ಅರ್ಧ ಇಂಚು ಮೇಲೇ ಕೂರುತ್ತದೆ. ಈ ಮಾತು ಯಾವ ಅಂಗಡಿಯವರೂ ಹೇಳಲಿಲ್ಲ. ಈಗ ಕುತ್ತಿಗೆ ಹತ್ತಿರ ಜಡೆ ಹೆಣೆದು ಇಳಿಬಿಡುತ್ತೇನೆ. ರಿಬ್ಬನ್ ಡಿಕ್ಕಿಯಲ್ಲಿರುತ್ತದೆ. ಶಾಲೆ ಗೇಟಿನ ಮುಂದೆ ನಿಂತು ಮಡಿಚಿ ಕಟ್ಟುತ್ತೇನೆ, ಎರಡು ನಿಮಿಷ.

ಮಗನದು ಸೈಕಲ್ ಹೆಲ್ಮೆಟ್, 650 ರೂಪಾಯಿ. ಒಳಗೆ ಇಎನ್ 1078 ಅಂತ ಯುರೋಪಿನ ಸೈಕಲ್ ಹೆಲ್ಮೆಟ್ ಮಾನದಂಡದ ಸಂಖ್ಯೆ ಇದೆ, ನಿಯಮ ಒಪ್ಪುವ ಗುರುತುಗಳಲ್ಲಿ ಅದೂ ಒಂದು. ಬರೀ 260 ಗ್ರಾಂ. ಮೇಲೆಲ್ಲ ಗಾಳಿಗೆ ತೂತು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದಾಗಲೂ ಕಿತ್ತೆಸೆಯಲಿಲ್ಲ. ಕಿವಿ ತೆರೆದೇ ಇರುತ್ತದೆ, ಗ್ಲಾಸೂ ಇಲ್ಲ. ಅಷ್ಟೇ ಕೊರತೆ.

ಕಷ್ಟ ಆದದ್ದು ಬೆಲ್ಟು. ಮಗುವಿಗೆ ಒಂದು ಜಾಕೀಟಿನ ಥರ, ಅದರಿಂದ ಹೊರಟ ಪಟ್ಟಿಗಳು ನನ್ನ ಭುಜಕ್ಕೆ. ನಿಯಮದ ಪ್ರಕಾರ ಅದು 30 ಕಿಲೋ ತಡೆಯಬೇಕು. ಸೀರೆ ಉಟ್ಟ ದಿನ ಸೆರಗು ಮುದ್ದೆ, ಪಿನ್ನು ಚುಚ್ಚುತ್ತದೆ, ಹಾಗಾಗಿ ಈಗ ಚೂಡಿದಾರವೇ ಜಾಸ್ತಿ. ಬೆಲ್ಟು ತರುವವರೆಗೆ ಮಗ ಮುಂದೆ ಸ್ಕೂಟರಿನ ಕನ್ನಡಿ ಹಿಡಿದು ನಿಲ್ಲುತ್ತಿದ್ದ. ಹಿಂದೆ ಕೂರಿಸಿದರೆ ನನ್ನ ಬೆನ್ನು ಬಿಟ್ಟು ಏನೂ ಕಾಣದು. ವಾರ ಪೂರ್ತಿ ಅತ್ತ. "ಕಟ್ಟಿ ಒಯ್ಯಾಕ ಅಂವೇನ್ ಗ್ಯಾಸ್ ಸಿಲಿಂಡರ್ ಏನವ್ವಾ?" ಅಂದರು ನಮ್ಮತ್ತೆ. ಎರಡನೇ ವಾರ ಅವನು ಹಿಂದೆ ಕೂತಲ್ಲೇ ನಿದ್ದೆ ಹೋದ, ಜಾರಲಿಲ್ಲ. ಅದನ್ನು ಕಂಡ ಮೇಲೆ ಅವರೇ ಬಕಲ್ ಹಾಕಿಕೊಡುತ್ತಾರೆ.

ಆಗಸ್ಟ್‌ಗೆ ಅವನಿಗೆ ನಾಲ್ಕು ತುಂಬುತ್ತದೆ. ಆಮೇಲೆ ಈ ಸೈಕಲ್ ಹೆಲ್ಮೆಟ್ ಸ್ಕೂಟರಿಗೆ ನಡೆಯುವುದಿಲ್ಲ. ಅಕ್ಕನದು ಅವನಿಗೆ ಗಿರಕಿ ಹೊಡೆಯುತ್ತದೆ, ಅವನ ತಲೆ 50. ಆ ಸೈಜಿನ ಐಎಸ್‌ಐ ಹೆಲ್ಮೆಟ್ ಕೇಳಿದ ಎರಡು ಅಂಗಡಿಯಲ್ಲೂ ಇರಲಿಲ್ಲ. ಒಬ್ಬರು ತರಿಸಿಕೊಡುತ್ತೇವೆ ಅಂದಿದ್ದಾರೆ. "ನಂಗೂ ಗ್ಲಾಸ್ ಇದ್ದದ್ದ ಬೇಕು" ಅಂತ ಅವನು ಈಗಲೇ ಹೇಳಿಟ್ಟಿದ್ದಾನೆ.