ರಿಯಲ್ ಅನಾಲಿಸಿಸ್ ಓದಲು ಯಾವ ಕ್ರಮ ಮೇಲು?

ಶಿರಸಿಯಲ್ಲಿ ಬಿ.ಎಸ್ಸಿ. ಗಣಿತ ಓದುವಾಗ ರಿಯಲ್ ಅನಾಲಿಸಿಸ್‌ಗಾಗಿ (ನೈಜ ಸಂಖ್ಯೆಗಳನ್ನೂ ಅವುಗಳ ಮೇಲಿನ ಫಂಕ್ಷನ್‌ಗಳನ್ನೂ ತರ್ಕಬದ್ಧವಾಗಿ ಓದುವ ವಿಷಯ) ಮೂರು ಕ್ರಮಗಳನ್ನು ಅನುಸರಿಸಿ ನೋಡಿದ್ದೇನೆ: ಕರ್ನಾಟಕ ವಿಶ್ವವಿದ್ಯಾಲಯದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವುದು, ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ತಾಣದ ಉಪನ್ಯಾಸಗಳನ್ನು ಕೇಳುವುದು, ಮತ್ತು ತರಗತಿ ಮುಗಿದ ಮೇಲೆ ಖಾಲಿ ಕೋಣೆಯ ಬೋರ್ಡಿನ ಮೇಲೆ ಗೆಳತಿಯ ಎದುರು ಪ್ರಮೇಯಗಳನ್ನು ಸಾಧಿಸುವುದು.

ಅವಕಲ ಸಮೀಕರಣಗಳಂಥ (ಡಿಫರೆನ್ಶಿಯಲ್ ಈಕ್ವೇಶನ್) ವಿಷಯಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳಷ್ಟು ಉಪಕಾರಿಯಾದದ್ದು ಬೇರೊಂದಿಲ್ಲ. ಬಿಡಿಸಿದಷ್ಟೂ ಕೈ ಪಳಗುತ್ತದೆ. ಅನಾಲಿಸಿಸ್‌ನಲ್ಲಿ ಮಾತ್ರ ಅವು ಪ್ರಮೇಯದ ಸಾಧನೆಯನ್ನು (ಪ್ರೂಫ್) ಸಾಲುಸಾಲಾಗಿ ಬಾಯಿಪಾಠ ಮಾಡಿಸುತ್ತವೆ. ಸಂವೃತ ಅಂತರದ (ಎರಡೂ ತುದಿಬಿಂದುಗಳು ಸೇರಿದ ವ್ಯಾಪ್ತಿ) ಮೇಲೆ ಅವಿಚ್ಛಿನ್ನವಾದ (ಎಲ್ಲೂ ಕಡಿಯದ) ಫಂಕ್ಷನ್ ಪರಿಮಿತವೆಂದು, ಅಂದರೆ ಅದರ ಬೆಲೆಗಳು ಒಂದು ಮಿತಿಯೊಳಗೇ ಇರುತ್ತವೆಂದು ಬರೆಯಬಲ್ಲವರಿಗೂ, ಅಂತರ ವಿವೃತವಾದರೆ (ತುದಿಬಿಂದುಗಳು ಸೇರದಿದ್ದರೆ) ಸಾಧನೆಯ ಯಾವ ಹೆಜ್ಜೆ ಮುರಿಯುತ್ತದೆ ಎಂದು ಕೇಳಿದರೆ ಉತ್ತರ ಹೊಳೆಯುವುದಿಲ್ಲ.

ಎನ್‌ಪಿಟಿಇಎಲ್‌ನಲ್ಲಿ ಐಐಟಿಗಳ ಅಧ್ಯಾಪಕರ ಪಾಠ ಉಚಿತವಾಗಿ ಸಿಗುತ್ತದೆ, ಬೇಕಾದಲ್ಲಿ ನಿಲ್ಲಿಸಿ ಮತ್ತೆ ಕೇಳಬಹುದು. ಮಳೆಗಾಲದಲ್ಲಿ ನಮ್ಮ ಹಳ್ಳಿಯಲ್ಲಿ ಕರೆಂಟಿಗೂ ನೆಟ್‌ವರ್ಕಿಗೂ ಭರವಸೆಯಿಲ್ಲವಾದ್ದರಿಂದ ಪೇಟೆಯಲ್ಲಿದ್ದಾಗಲೇ ವಿಡಿಯೊಗಳನ್ನು ಇಳಿಸಿಕೊಳ್ಳುತ್ತಿದ್ದೆ. ಐಐಟಿಗಳ ಎಂ.ಎಸ್ಸಿ.ಗೆ ಬರೆಯುವ ಜಾಮ್ ಪರೀಕ್ಷೆಯಲ್ಲಿ ಆಯ್ಕೆಯ ಮತ್ತು ಸಂಖ್ಯಾ ಉತ್ತರದ ಪ್ರಶ್ನೆಗಳೇ ಇರುವುದರಿಂದ, ಆ ಸಿದ್ಧತೆಗೆ ಇದರ ವಾರವಾರದ ಅಸೈನ್‌ಮೆಂಟ್‌ಗಳು ಒಳ್ಳೆಯ ಅಭ್ಯಾಸ. ಆದರೆ ಬೇರೆಯವರ ಸಾಧನೆಯನ್ನು ಅರ್ಥಮಾಡಿಕೊಳ್ಳುವುದು ಬೇರೆ, ಖಾಲಿ ಹಾಳೆಯ ಮೇಲೆ ತಾನೇ ಬರೆಯುವುದು ಬೇರೆ.

ನನ್ನ ಅನುಭವದಲ್ಲಿ ಬೋರ್ಡೇ ಮೇಲು. ಎಕ್ಸ್‌ನ ವರ್ಗವು 0ಯಿಂದ 1ರವರೆಗಿನ ಸಂವೃತ ಅಂತರದಲ್ಲಿ ಏಕರೂಪವಾಗಿ ಅವಿಚ್ಛಿನ್ನವೆಂದು ಒಮ್ಮೆ ಸಾಧಿಸುತ್ತಿದ್ದೆ. ಅಂದರೆ ಬೆಲೆಗಳ ವ್ಯತ್ಯಾಸ ಕೊಟ್ಟ ಎಪ್ಸಿಲಾನ್‌ಗಿಂತ ಕಡಿಮೆಯಿರಲು ಬಿಂದುಗಳು ಎಷ್ಟು ಹತ್ತಿರವಿರಬೇಕೆಂದು ಹೇಳುವ ಡೆಲ್ಟಾ ಎಲ್ಲ ಬಿಂದುಗಳಿಗೂ ಒಂದೇ ಸಾಕಾಗಬೇಕು. ಎರಡು ವರ್ಗಗಳ ವ್ಯತ್ಯಾಸವನ್ನು ಮೊತ್ತ ಮತ್ತು ವ್ಯತ್ಯಾಸಗಳ ಗುಣಲಬ್ಧವಾಗಿ ಬರೆದರೆ, ಇಲ್ಲಿ ಮೊತ್ತವು 2ನ್ನು ಮೀರುವುದಿಲ್ಲ. ಆದ್ದರಿಂದ ಎಪ್ಸಿಲಾನ್‌ನ ಅರ್ಧದಷ್ಟು ಡೆಲ್ಟಾ ಸಾಕು. "ಇಡೀ ನೈಜ ರೇಖೆಗೂ ಇದೇ ಡೆಲ್ಟಾ ಸಾಕೇನೇ?" ಎಂದು ಗೆಳತಿ ತಡೆದಳು. ಅಲ್ಲಿ ಮೊತ್ತಕ್ಕೆ ಮಿತಿಯೇ ಇಲ್ಲವಾದ್ದರಿಂದ ಯಾವ ಒಂದು ಡೆಲ್ಟಾವೂ ಎಲ್ಲ ಬಿಂದುಗಳಿಗೆ ಸಾಲದು ಎಂಬುದು ಬರೆದ ಅದೇ ಸಾಲಿನಿಂದ ಕಣ್ಣಿಗೆ ಕಟ್ಟಿತು. ಸಾಮಾನ್ಯ ಅವಿಚ್ಛಿನ್ನತೆಗೂ ಏಕರೂಪದ್ದಕ್ಕೂ ಇರುವ ವ್ಯತ್ಯಾಸ ನನಗೆ ಗಟ್ಟಿಯಾದದ್ದು ಆಗಲೇ. ಸಮಯ ಬಹಳ ಹಿಡಿಯುತ್ತದೆ, ಕೊನೆಯ ಬಸ್ಸಿನ ಹೊತ್ತನ್ನೂ ನೋಡಿಕೊಳ್ಳಬೇಕು. ಆದರೂ ಹೀಗೆ ಕಲಿತದ್ದು ಪರೀಕ್ಷೆಯ ನಂತರವೂ ಉಳಿಯುತ್ತದೆ.

ಜೊತೆಗಾರರು ಸಿಗದವರು ಉಪನ್ಯಾಸದಲ್ಲಿ ಪ್ರಮೇಯದ ಹೇಳಿಕೆ ಬಂದೊಡನೆ ವಿಡಿಯೊ ನಿಲ್ಲಿಸಿ, ಸಾಧನೆಯನ್ನು ತಾವೇ ಬರೆದು ನೋಡಿದ ಮೇಲೆ ಮುಂದುವರಿಯಬಹುದು.