ಲ್ಯಾಂಬ್ರೆಟಾ ಎಲ್‌ಐ 150: ಬೆಳಗಾವಿಯಲ್ಲಿ ಕೊಳ್ಳುವವರು ಎಂಜಿನ್ ಆಮೇಲೆ ನೋಡಿ

ಹಳೆಯ ಲ್ಯಾಂಬ್ರೆಟಾ ಸ್ಕೂಟರ್ ನೋಡಲು ಹೋದವರು ಮೊದಲು ಕಿಕ್ ಹೊಡೆದು ಎಂಜಿನ್ ಸದ್ದು ಕೇಳುತ್ತಾರೆ. ಬೆಳಗಾವಿಯಲ್ಲಿ ಅದು ಕೊನೆಯ ಕೆಲಸ ಆಗಬೇಕು. ಇಲ್ಲಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗ್‌ನಲ್ಲಿ ಲೇತ್, ಬೋರಿಂಗ್, ಗ್ರೈಂಡಿಂಗ್ ಎಲ್ಲವೂ ಕೈಗೆ ಸಿಗುತ್ತವೆ. ಕ್ರ್ಯಾಂಕ್‌ಶಾಫ್ಟ್ ತಯಾರಿಸಿ ಹೆಸರು ಮಾಡಿದ ಊರಿಗೆ 148 ಸಿಸಿಯ ಒಂದು ಸಿಲಿಂಡರನ್ನು ಮತ್ತೆ ಎಬ್ಬಿಸುವುದು ದೊಡ್ಡ ಮಾತಲ್ಲ. ತುಕ್ಕು ತಿಂದ ಫ್ರೇಮಿಗೆ, ತಾಳೆಯಾಗದ ಆರ್‌ಸಿಗೆ ಮಾತ್ರ ಇಲ್ಲಿ ಮದ್ದಿಲ್ಲ.

ಈ ವಿಮರ್ಶೆ ಮುಂಬೈನ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ, ಅಂದರೆ ಎಪಿಐ, ಮಿಲಾನಿನ ಇನ್ನೊಚೆಂಟಿ ಕಂಪನಿಯ ಪರವಾನಗಿಯಲ್ಲಿ ಕಟ್ಟಿದ ಎಲ್‌ಐ 150 ಸರಣಿ 2ರ ಬಗ್ಗೆ. ಗುರುತು ಸುಲಭ: ಹೆಡ್‌ಲೈಟ್ ಹ್ಯಾಂಡಲ್ ಜೊತೆ ತಿರುಗುತ್ತದೆ, ಮುಂದಿನ ಮಡ್‌ಗಾರ್ಡ್ ತಿರುಗುವುದಿಲ್ಲ. ಇಟಲಿಯಲ್ಲಿ 1961ರ ಹೊತ್ತಿಗೇ ನಿಂತ ಈ ಮೈಕಟ್ಟು ನಮ್ಮಲ್ಲಿ ಬಹಳ ವರ್ಷ ಮುಂದುವರಿಯಿತು, ಕೊನೆಗೆ ಲ್ಯಾಂಬಿ ಎಂಬ ಹೆಸರಿನಲ್ಲೂ ಬಂತು. 1972ರಲ್ಲಿ ಹುಟ್ಟಿದ ಲಕ್ನೋದ ಸ್ಕೂಟರ್ಸ್ ಇಂಡಿಯಾ ಇನ್ನೊಚೆಂಟಿಯ ಯಂತ್ರೋಪಕರಣಗಳನ್ನೇ ಕೊಂಡು ವಿಜಯ್ ಸೂಪರ್ ತಯಾರಿಸಿತು. ಇವತ್ತಿಗೂ ಸಾಮಾನು ಸಿಗುವುದಕ್ಕೆ ಅದೇ ದೊಡ್ಡ ಕಾರಣ. ಆದರೆ ತಪ್ಪು ಸಾಮಾನು ಗಾಡಿಗೆ ಸೇರಿಕೊಳ್ಳುವುದಕ್ಕೂ ಅದೇ ಕಾರಣ.

ಮೊದಲು ಕಾಗದ. ಬೆಳಗಾವಿಗೆ ಬರುವ ಹಳೇ ಗಾಡಿಗಳಲ್ಲಿ ಕೊಲ್ಲಾಪುರದ ಎಂಎಚ್-09, ಸಾಂಗ್ಲಿಯ ಎಂಎಚ್-10, ಗೋವಾದ ನಂಬರುಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಆ ಕಡೆಯ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ಕೈಗೆ ಬಾರದೆ ಪೂರ್ತಿ ದುಡ್ಡು ಕೊಡಬೇಡಿ. ಫ್ರೇಮ್ ನಂಬರಿನ ಮೇಲಿನ ಬಣ್ಣವನ್ನು ಥಿನ್ನರ್ ಬಟ್ಟೆಯಿಂದ ಒರೆಸಿ, ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಆರ್‌ಸಿಯ ಜೊತೆ ಒಂದೊಂದೇ ಅಂಕಿ ಹೋಲಿಸಿ. ಅಂಕಿಗಳ ಸುತ್ತ ಗ್ರೈಂಡರ್ ಗುರುತು ಕಂಡರೆ ಅಲ್ಲಿಗೇ ಮಾತು ಮುಗಿಸಿ. ಐವತ್ತು ವರ್ಷ ದಾಟಿದ ಗಾಡಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿ ಮಾಡಿಸಬಹುದು. ಹೊಸದಾಗಿ ಮಾಡಿಸಲು ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ವಿಎ ಅಕ್ಷರಗಳು ಬರುತ್ತವೆ. ಆದರೆ ಆ ನಂಬರಿನ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲು ಎಂದು ಮಾತ್ರ ರಸ್ತೆಗೆ ತರಬಹುದು. ದಿನಾ ಖಡೇಬಜಾರಿಗೆ ಒಯ್ಯುವ ಆಸೆ ಇದ್ದವರು ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಳ್ಳುವುದು ಲೇಸು.

ಬಾಡಿ ನೋಡುವಾಗ ಜೇಬಿನಲ್ಲಿ ಒಂದು ಸಣ್ಣ ಆಯಸ್ಕಾಂತ ಇರಲಿ. ಲೆಗ್‌ಶೀಲ್ಡಿನ ಕೆಳ ಅಂಚು, ಕಾಲಿಡುವ ಹಲಗೆಗಳ ಅಡಿ, ಅವನ್ನು ಹೊತ್ತ ಪಟ್ಟಿಗಳು ನಮ್ಮ ಮಳೆಗಾಲದಲ್ಲಿ ಮೊದಲು ಕೊಳೆಯುವ ಜಾಗ. ಆಯಸ್ಕಾಂತ ಹಿಡಿಯದ ಕಡೆ ಪುಟ್ಟಿ ತುಂಬಿದೆ ಎಂದೇ ತಿಳಿಯಿರಿ. ಹೊಳೆಯುವ ಎರಡು ಬಣ್ಣದ ರೆಡಿಮೇಡ್ ಗಾಡಿಗಿಂತ, ಹಳೆ ಬಣ್ಣ ಉದುರಿ ತಗಡು ಕಾಣುವ ಗಾಡಿ ಎಷ್ಟೋ ಮೇಲು. ಅದರಲ್ಲಿ ಏನಿದೆಯೋ ಅದು ಕಾಣುತ್ತದೆ. ಹಿಂದೆ ನಿಂತು ಎರಡೂ ಚಕ್ರ ಒಂದೇ ಗೆರೆಯಲ್ಲಿವೆಯೇ ನೋಡಿ, ಮುಂದಿನ ಚಕ್ರ ಎತ್ತಿ ಅಲುಗಿಸಿ. ಟಕ್ ಟಕ್ ಎಂದರೆ ಫೋರ್ಕ್ ಲಿಂಕಿನ ಬುಷ್ ಸವೆದಿದೆ, ಅದು ಸಣ್ಣ ಖರ್ಚು. ಫ್ರೇಮಿನ ಕೊಳವೆಯೇ ಬಾಗಿದ್ದರೆ ಬಿಟ್ಟು ಬನ್ನಿ.

ಈಗ ಎಂಜಿನ್. 57 ಮಿಮೀ ಬೋರ್, 58 ಮಿಮೀ ಸ್ಟ್ರೋಕ್, ಎರಕದ ಕಬ್ಬಿಣದ ಸಿಲಿಂಡರ್, ಅಲ್ಯೂಮಿನಿಯಂ ಹೆಡ್, ಚೈನ್ ಮೂಲಕ ನಾಲ್ಕು ಗೇರ್. ಇದು ಕೆಡುವುದು ಬಹುಪಾಲು ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳಿಂದ. ಫ್ಲೈವ್ಹೀಲ್ ಕಡೆಯ ಸೀಲ್ ಗಟ್ಟಿಯಾದರೆ ಅಲ್ಲಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ಮಿಶ್ರಣ ಬಡವಾಗುತ್ತದೆ (ಗಾಳಿ ಹೆಚ್ಚಿ ಪೆಟ್ರೋಲ್ ಕಡಿಮೆಯಾಗುತ್ತದೆ), ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಕೂಡಲೇ ಇಳಿಯುವುದಿಲ್ಲ. ಅದನ್ನು ಕಾರ್ಬ್ಯುರೇಟರ್ ದೋಷ ಎಂದು ತಿಳಿದು ಸ್ಕ್ರೂ ತಿರುಗಿಸುತ್ತಾ ಕೂತರೆ ಕೊನೆಗೆ ಪಿಸ್ಟನ್ ಬಿಸಿಯೇರಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಚೈನ್ ಕಡೆಯ ಸೀಲ್ ಹೋದರೆ ಲಕ್ಷಣವೇ ಬೇರೆ: ಗೇರ್ ಆಯಿಲ್ ಎಂಜಿನ್ ಒಳಗೆ ಹೋಗಿ ಉರಿಯುತ್ತದೆ, ಎಷ್ಟು ದೂರ ಓಡಿಸಿದರೂ ಬಿಳಿ ಹೊಗೆ ನಿಲ್ಲದು, ಗೇರ್‌ಬಾಕ್ಸಿನಲ್ಲಿ ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ. ಖಚಿತವಾಗಬೇಕಾದರೆ ಇನ್‌ಲೆಟ್, ಸಿಲಿಂಡರಿನಲ್ಲಿ ಸೈಲೆನ್ಸರ್ ಕೂರುವ ಬಾಯಿ ಎರಡನ್ನೂ ರಬ್ಬರ್ ಹಾಕಿ ಮುಚ್ಚಿ, 6 ಪಿಎಸ್‌ಐ ಗಾಳಿ ತುಂಬಿ, ಗೇಜಿನ ಮುಳ್ಳು ನಿಲ್ಲುತ್ತದೆಯೇ ನೋಡಿ. ಸೀಲ್ ಬದಲಿಸುವಾಗ ಫ್ಲೈವ್ಹೀಲನ್ನು ಅದರದೇ ಪುಲ್ಲರ್ ಹಾಕಿ ಬಿಚ್ಚಬೇಕು. ಸುತ್ತಿಗೆ ಪೆಟ್ಟಿಗೆ ಫ್ಲೈವ್ಹೀಲೂ ಕ್ರ್ಯಾಂಕೂ ಎರಡೂ ಹಾಳು.

ಸವೆದ ಸಿಲಿಂಡರನ್ನು ಕೊರೆದು ಅಗಲಿಸುವ ರಿಬೋರ್ ಮಾಡಿಸುವವರು ಒಂದು ಮಾತು ಗಟ್ಟಿಯಾಗಿ ಹೇಳಿಯೇ ಸಿಲಿಂಡರ್ ಕೊಡಿ. ಟ್ರ್ಯಾಕ್ಟರ್, ಜೀಪಿನ ಬ್ಲಾಕ್ ಬೋರ್ ಮಾಡಿ ಕೈ ಪಳಗಿದ ಶಾಪುಗಳು ಅಳತೆ ಚೆನ್ನಾಗಿ ಹಿಡಿಯುತ್ತವೆ, ಆದರೆ ಟೂ ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿರುವ ಪೋರ್ಟ್ ಎಂಬ ಕಿಂಡಿಗಳ ಅಂಚುಗಳನ್ನು ಹಾಗೇ ಚೂಪಾಗಿ ಬಿಟ್ಟುಬಿಡುತ್ತವೆ. ಆ ಅಂಚಿಗೆ ರಿಂಗ್ ಸಿಕ್ಕಿ ಮುರಿಯುತ್ತದೆ. ಪ್ರತಿ ಪೋರ್ಟಿನ ಅಂಚನ್ನೂ ಸಣ್ಣ ಕಲ್ಲಿನಿಂದ ಕೈಯಲ್ಲೇ ಮೊಂಡು ಮಾಡಬೇಕು. ಓವರ್‌ಸೈಜ್ ಪಿಸ್ಟನ್‌ಗಳು 57.2, 57.4 ಎಂದು 0.2 ಮಿಮೀ ಅಂತರದಲ್ಲಿ ಬರುತ್ತವೆ. ಪಿಸ್ಟನ್ ಕೈಗೆ ಬಂದ ಮೇಲೆ ಅದನ್ನು ಅಳೆದು ಬೋರ್ ಮಾಡಿಸಿ, ಮುಂಚೆ ಬೇಡ.

ಕ್ರ್ಯಾಂಕ್ ವಿಷಯದಲ್ಲಿ ಎಚ್ಚರ. ಲ್ಯಾಂಬ್ರೆಟಾದ್ದೇ ಆಮೇಲಿನ ಜಿಪಿ ಮಾದರಿಯ ಕ್ರ್ಯಾಂಕಿನಲ್ಲಿ ಫ್ಲೈವ್ಹೀಲ್ ಕೂರುವ ಟೇಪರ್ (ಇಳಿಜಾರಾದ ತುದಿ) ದಪ್ಪ, ಎಲ್‌ಐ ಫ್ಲೈವ್ಹೀಲ್ ಅದಕ್ಕೆ ಕೂರದು. ಅದನ್ನೇ ಹಾಕುವುದಾದರೆ ಫ್ಲೈವ್ಹೀಲ್, ಆ ಕಡೆಯ ಫ್ಲೇಂಜ್, ಸೀಲ್ ಎಲ್ಲವೂ ಅದೇ ಮಾದರಿಯದ್ದಾಗಬೇಕು. ಬೇರೆ ಬೇರೆ ಗೇರ್‌ಬಾಕ್ಸಿನ ಗೇರುಗಳನ್ನು ಬೆರೆಸುವುದೂ ಇದೇ ಬಗೆಯ ತಪ್ಪು. ಹಲ್ಲಿನ ಲೆಕ್ಕ ತಾಳೆಯಾಗದೆ ಸದ್ದು ಮಾಡುತ್ತವೆ. ಗೇರ್ ಹಾರುತ್ತಿದ್ದರೆ ಮೊದಲು ಕೇಬಲ್‌ಗಳ ಸಡಿಲ ತೆಗೆಯಿರಿ. ಆಗಲೂ ಹಾರಿದರೆ ಗೇರ್‌ಬಾಕ್ಸಿನ ಎಂಡ್‌ಪ್ಲೇಟ್ ಬಿಚ್ಚಿ ಶಿಮ್, ಅಂದರೆ ಅಂತರ ಸರಿಪಡಿಸುವ ತೆಳು ಬಿಲ್ಲೆ, ನೋಡಿ. ಗೇರಿಗೂ ಶಿಮ್‌ಗೂ ನಡುವಿನ ಅಂತರ 0.07ರಿಂದ 0.30 ಮಿಮೀ ಒಳಗಿರಬೇಕು.

ಹಿಂದಿನ ಚಕ್ರದ ಹಬ್ ನಟ್ ಈ ಗಾಡಿಯ ನಿಜವಾದ ದುರ್ಬಲ ಜಾಗ. ಅದು ಸಡಿಲವಾಗಿದ್ದು ಓಡಿಸಿದರೆ ಹಬ್ಬಿನ ಒಳಗಿನ ಕೋನ್ ಸವೆದು, ಆಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ. ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿನಲ್ಲಿ ಇದನ್ನು ಬಿಗಿಸಬೇಡಿ, ಹಳೆಯ ಲಾಕ್ ವಾಷರನ್ನು ಮತ್ತೆ ಬಳಸಬೇಡಿ. ಕೇಸಿಂಗಿನ ಎಷ್ಟೋ ಸ್ಟಡ್‌ಗಳು 7 ಮಿಮೀಯವು, 11ರ ಪಾನಾ ಬೇಕು. ಪೇಟೆಯಲ್ಲಿ 7ರ ಬೋಲ್ಟ್ ಸಿಗಲಿಲ್ಲವೆಂದು 8ರ ಟ್ಯಾಪ್ ಹೊಡೆದು ಕೊಡುವ ಮಿಸ್ತ್ರಿಯಿಂದ ಗಾಡಿ ವಾಪಸ್ ತನ್ನಿ. ಅದೇ ಅಳತೆಯ ಕಾಯಿಲ್ ಇನ್ಸರ್ಟ್ (ಹಾಳಾದ ಮರೆಯ ಜಾಗಕ್ಕೆ ಹಾಕುವ ತಂತಿ ಸುರುಳಿ) ಕೂರಿಸುವುದು ಸರಿಯಾದ ದಾರಿ.

ಗೇರ್ ಆಯಿಲ್ ಎಸ್‌ಎಇ 90, 700 ಮಿಲೀ, ಜಿಎಲ್-4 ದರ್ಜೆ. ಕ್ಲಚ್ಚೂ ಅದೇ ಆಯಿಲಿನಲ್ಲಿ ತಿರುಗುವುದರಿಂದ ಜಿಎಲ್-5 ಬೇಡ. ಪಿಸ್ಟನ್ ಪಿನ್ ಕೂರುವಲ್ಲಿ ಕಂಚಿನ ಬುಷ್ ಇರುವ ಹಳೆ ಕ್ರ್ಯಾಂಕಿಗೆ ಲೀಟರ್ ಪೆಟ್ರೋಲಿಗೆ 40 ಮಿಲೀ 2ಟಿ (ಟೂ ಸ್ಟ್ರೋಕ್) ಆಯಿಲ್. ಸೂಜಿ ಬೇರಿಂಗ್ ಇದ್ದರೆ 20ರಿಂದ 25 ಸಾಕು. ಪ್ಲಗ್ ಎನ್‌ಜಿಕೆ ಬಿ7ಎಚ್‌ಎಸ್, ಅಂತರ 0.5ರಿಂದ 0.6 ಮಿಮೀ. ಕಿಡಿಯ ಹೊತ್ತು ನಿರ್ಧರಿಸುವ ಕಾಂಟ್ಯಾಕ್ಟ್ ಪಾಯಿಂಟಿನ ಅಂತರ 0.35ರಿಂದ 0.45 ಮಿಮೀ. ಈಗಿನ ಶೇಕಡಾ 20 ಎಥನಾಲ್ ಪೆಟ್ರೋಲ್ ಹಳೆ ರಬ್ಬರನ್ನು ಉಬ್ಬಿಸುತ್ತದೆ, ಮಿಶ್ರಣವನ್ನೂ ಬಡವಾಗಿಸುತ್ತದೆ. ಪೆಟ್ರೋಲ್ ಪೈಪನ್ನು ಎಥನಾಲ್ ತಡೆಯುವ ವಿಟಾನ್ ರಬ್ಬರಿನದಕ್ಕೆ ಬದಲಿಸಿ, ಕಾರ್ಬ್ಯುರೇಟರಿನ ಮೇನ್ ಜೆಟ್ ಒಂದೆರಡು ನಂಬರ್ ದೊಡ್ಡದು ಹಾಕಿ, ಪ್ಲಗ್ಗಿನ ಬಣ್ಣ ಕಂದು ಬರುವವರೆಗೆ ಪರೀಕ್ಷಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ. ಎಥನಾಲ್ ನೀರು ಹೀರುತ್ತದೆ, ಆ ನೀರು ಟ್ಯಾಂಕಿನ ತಳ ತಿನ್ನುತ್ತದೆ.

ಓಡಿಸಲು ಹೇಗಿದೆ? 55ರಿಂದ 60ರ ವೇಗದಲ್ಲಿ ಇಷ್ಟು ನೆಮ್ಮದಿಯ ಗಾಡಿ ಹುಡುಕಿದರೂ ಸಿಗುವುದು ಕಷ್ಟ. ಎಂಜಿನ್ ನಡುವೆ ಕೂತಿರುವುದರಿಂದ ಭಾರ ಒಂದು ಕಡೆ ವಾಲುವುದಿಲ್ಲ, ಖಾನಾಪುರದ ಕಡೆಯ ತಿರುವುಗಳಲ್ಲಿ ಅದರ ಸುಖ ತಿಳಿಯುತ್ತದೆ. ಬ್ರೇಕ್ ಮಾತ್ರ ಇವತ್ತಿನ ಲೆಕ್ಕಕ್ಕೆ ಸಾಲದು. ಹೊಸ ಬೈಕುಗಳ ಜೊತೆ ಗುಂಪಿನಲ್ಲಿ ಹೊರಟಾಗ ಲ್ಯಾಂಬ್ರೆಟಾಗಳು ಮುಂದಿರಲಿ, ಡಿಸ್ಕ್ ಬ್ರೇಕಿನವು ಹಿಂದೆ ಬರಲಿ. ಚೋರ್ಲಾ ಘಾಟ್ ಹತ್ತುವಾಗ ಮೂರನೇ ಗೇರಿನಲ್ಲಿ ಎಳೆಯಲಿ ಎಂದು ಒತ್ತಾಯಿಸದೆ ಎರಡಕ್ಕೆ ಇಳಿಸಿ; ಫ್ಯಾನ್ ವೇಗವಾಗಿ ತಿರುಗಿದಷ್ಟೂ ಸಿಲಿಂಡರ್ ತಣ್ಣಗಿರುತ್ತದೆ. ಇಳಿಯುವಾಗ ಅಪಾಯ ಇನ್ನೊಂದು ಬಗೆಯದು. ಆಯಿಲ್ ಬರುವುದು ಪೆಟ್ರೋಲಿನ ಜೊತೆಗೇ, ಆದ್ದರಿಂದ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಎಂಜಿನ್ ಹಿಡಿತದಲ್ಲೇ ಕಿಲೋಮೀಟರುಗಟ್ಟಲೆ ಇಳಿದರೆ ಪಿಸ್ಟನ್‌ಗೆ ಆಯಿಲೇ ಸಿಗುವುದಿಲ್ಲ. ನಡುನಡುವೆ ಕ್ಲಚ್ ಹಿಡಿದು ಒಮ್ಮೆ ರೇಸ್ ಕೊಡುತ್ತಾ ಇಳಿಯಬೇಕು.

ಗುಂಪಿನಲ್ಲಿ ಒಬ್ಬರ ಬಳಿ ಫ್ಲೈವ್ಹೀಲ್ ಪುಲ್ಲರ್, ಪಾಯಿಂಟ್ ಮತ್ತು ಕಂಡೆನ್ಸರ್ ಇದ್ದರೆ ಎಲ್ಲರಿಗೂ ಆಯಿತು. ಪ್ಲಗ್, ಕ್ಲಚ್ ಮತ್ತು ಗೇರ್ ಕೇಬಲ್, 11 ಮತ್ತು 14ರ ಪಾನಾ ಪ್ರತಿಯೊಬ್ಬರ ಟೂಲ್‌ಬಾಕ್ಸಿನಲ್ಲೂ ಇರಲಿ. ರಿಮ್ ಎರಡು ಹೋಳಿನದು. ಪಂಕ್ಚರ್ ಆದಾಗ ಹೋಳುಗಳನ್ನು ಜೋಡಿಸಿದ ನಟ್‌ಗಳಿಗೆ ಕೈ ಹಚ್ಚುವ ಮೊದಲು ವಾಲ್ವ್ ಬಿಚ್ಚಿ ಗಾಳಿ ಪೂರ್ತಿ ತೆಗೆಯಿರಿ. ಗಾಳಿ ಉಳಿದಿದ್ದರೆ ಹೋಳು ಸಿಡಿದು ಕೈ ಒಡೆಯುತ್ತದೆ.