ಹಳೆಯ ಹಾಡು, ರಾತ್ರಿಯ ಅಭ್ಯಾಸ: ಮೂರು ಡಿಜೆ ಕಂಟ್ರೋಲರ್‌ಗಳ ಹೋಲಿಕೆ

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಬಾಡಿಗೆ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಶಬ್ದವು 45 ಡೆಸಿಬಲ್ ಮೀರಬಾರದೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಆದರೆ ನಾನು ಅಂಜುವುದು ಆ ನಿಯಮಕ್ಕಿಂತ ಹೆಚ್ಚಾಗಿ, ಒಂಬತ್ತು ಗಂಟೆಗೆಲ್ಲ ಮಲಗುವ ಪಕ್ಕದ ಮನೆಯ ಅಜ್ಜಿಗೆ. ಹೀಗಾಗಿ ಕೆಲಸ ಮುಗಿಸಿ ಬಂದು, ಊಟ ಮಾಡಿ, ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡಲು ಒದಗುವ ಡಿಜೆ ಕಂಟ್ರೋಲರ್ ಒಂದನ್ನು (ಲ್ಯಾಪ್‌ಟಾಪಿನ ಹಾಡುಗಳನ್ನು ಬೆರೆಸಿ ನುಡಿಸಲು ಚಕ್ರ, ಗುಂಡಿಗಳಿರುವ ಉಪಕರಣ), ಮೂವತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕೊಳ್ಳಬೇಕೆಂದು ಕಳೆದ ವರ್ಷ ನಿಶ್ಚಯಿಸಿದೆ. ಕೊಳ್ಳುವ ಮುನ್ನ ಮೂರು ಕಂಟ್ರೋಲರ್‌ಗಳನ್ನು ಒಂದೊಂದು ತಿಂಗಳು ಎರವಲು ತಂದು ಬಳಸಿ ನೋಡಿದೆ. ಎದುರು ಮನೆಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನಿಂದ ಹರ್ಕ್ಯುಲಿಸ್ ಡಿಜೆಕಂಟ್ರೋಲ್ ಇನ್‌ಪಲ್ಸ್ 300, ಮಂಡ್ಯದಲ್ಲಿ ಶಾಮಿಯಾನ ಮತ್ತು ಸೌಂಡ್ ಬಾಡಿಗೆಗೆ ಕೊಡುವ ನನ್ನ ಭಾವನಿಂದ ನ್ಯೂಮಾರ್ಕ್ ಮಿಕ್ಸ್‌ಟ್ರ್ಯಾಕ್ ಪ್ರೊ ಎಫ್‌ಎಕ್ಸ್, ಕಚೇರಿಯ ಗೆಳೆಯನಿಂದ ಪಯೋನಿಯರ್ ಡಿಜೆ ಕಂಪನಿಯ ಡಿಡಿಜೆ-ಎಫ್‌ಎಲ್‌ಎಕ್ಸ್4 ಸಿಕ್ಕವು. ಮೂರೂ ಎರಡು ಡೆಕ್‌ನವು, ಅಂದರೆ ಒಮ್ಮೆಗೆ ಎರಡು ಹಾಡು ನುಡಿಸುವಂಥವು. ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ಬೇರೆಯಾಗಿ ಕೇಳಲು ಬೇಕಾದ ಸೌಂಡ್ ಕಾರ್ಡ್ ಮೂರರಲ್ಲಿಯೂ ಒಳಗೇ ಇದೆ. ಮೂರೂ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವುದರಿಂದ ಕರೆಂಟ್ ಹೋದರೂ ಅಭ್ಯಾಸ ನಿಲ್ಲುವುದಿಲ್ಲ.

ಹೋಲಿಕೆಗೆ ಇಳಿಯುವ ಮೊದಲು, ನಾನು ನುಡಿಸುವ ಹಾಡುಗಳು ಯಾವುವೆಂದು ಹೇಳದಿದ್ದರೆ ಮುಂದಿನ ಮಾತುಗಳಿಗೆ ಅರ್ಥವಿರುವುದಿಲ್ಲ. ಕಂಟ್ರೋಲರ್‌ಗಳ ವಿಮರ್ಶೆಗಳಲ್ಲಿ ಹೆಚ್ಚಿನವು ಹೌಸ್, ಟೆಕ್ನೋ ಮುಂತಾದ ಯಂತ್ರದ ಲಯದ ಸಂಗೀತವನ್ನು ಎದುರಿಗಿಟ್ಟುಕೊಂಡು ಬರೆದವು. ಅಂಥ ಹಾಡು 124 ಬಿಪಿಎಂನಲ್ಲಿ (ನಿಮಿಷಕ್ಕೆ 124 ಪೆಟ್ಟು) ಆರಂಭವಾದರೆ 124ರಲ್ಲಿಯೇ ಮುಗಿಯುತ್ತದೆ. ನನ್ನ ಸಂಗ್ರಹದ ಮುಕ್ಕಾಲು ಪಾಲು ಆರತಕ್ಷತೆಗಳಲ್ಲಿ ಜನ ಕೇಳುವ ಹಳೆಯ ಕನ್ನಡ ಚಿತ್ರಗೀತೆಗಳು ಮತ್ತು ಮಂಡ್ಯದ ಕಡೆಯ ಹಬ್ಬಗಳಲ್ಲಿ ಧ್ವನಿಮುದ್ರಿಸಿಕೊಂಡ ತಮಟೆ, ನಗಾರಿಗಳ ವಾದನ. ವಾದ್ಯವೃಂದವೆಲ್ಲ ಒಟ್ಟಿಗೆ ಕುಳಿತು ನುಡಿಸಿದ ಕಾಲದ ಹಾಡುಗಳಲ್ಲಿ ಪಲ್ಲವಿ 118ರಲ್ಲಿದ್ದರೆ ಎರಡನೆಯ ಚರಣದ ಹೊತ್ತಿಗೆ 120ನ್ನೋ 121ನ್ನೋ ಮುಟ್ಟಿರುವುದು ಸಾಮಾನ್ಯ. ಎರಡು ಹಾಡುಗಳ ನಡುವೆ ಒಂದೇ ಒಂದು ಬಿಪಿಎಂ ವ್ಯತ್ಯಾಸವಿದ್ದರೂ ಒಂದು ನಿಮಿಷದಲ್ಲಿ ಅವು ಒಂದು ಪೂರ್ತಿ ಪೆಟ್ಟಿನಷ್ಟು ಬೇರೆಯಾಗುತ್ತವೆ. ಮೂರು ಬಿಪಿಎಂ ಆದರೆ ಇಪ್ಪತ್ತೇ ಸೆಕೆಂಡು ಸಾಕು. ತಂತ್ರಾಂಶವು ಹಾಡಿನ ಉದ್ದಕ್ಕೂ ಸಮಾನ ಅಂತರದ ಗೆರೆಗಳನ್ನು ಎಳೆದು, ಇದೇ ಇದರ ಲಯವೆಂದು ನಂಬಿಕೊಂಡು ಕುಳಿತಿರುತ್ತದೆ. ಆಗ, ಲಯವನ್ನು ತಾನೇ ಹೊಂದಿಸುವ ಸಿಂಕ್ ಗುಂಡಿಯನ್ನು ಒತ್ತಿದರೆ ಎರಡು ಹಾಡುಗಳಲ್ಲ, ಎರಡು ತಪ್ಪು ಗೆರೆಗಳು ಹೊಂದಿಕೊಳ್ಳುತ್ತವೆ.

ಇದು ನನಗೆ ಅರಿವಾದದ್ದು ಹರ್ಕ್ಯುಲಿಸ್‌ನ ದೀಪಗಳಿಂದ. ಇನ್‌ಪಲ್ಸ್ 300 ಕಲಿಯುವವರಿಗಾಗಿಯೇ ರೂಪಿಸಿದ ಕಂಟ್ರೋಲರ್, ಮತ್ತು ಮೂರರಲ್ಲಿ ಅಗ್ಗದ್ದೂ ಅದೇ. ಅದರ ಪಿಚ್ ಫೇಡರ್‌ನ (ಹಾಡಿನ ವೇಗ ಬದಲಿಸುವ ಜಾರುಗುಂಡಿ) ಬಳಿ ಮೇಲೆ-ಕೆಳಗೆ ತೋರಿಸುವ ಬಾಣಗಳೂ, ಜಾಗ್ ವೀಲ್‌ನ (ಹಾಡನ್ನು ಹಿಂದೆ-ಮುಂದೆ ತಳ್ಳುವ ಚಕ್ರ) ಬಳಿ ಎಡ-ಬಲ ತೋರಿಸುವ ಬಾಣಗಳೂ ಇವೆ. ಎರಡನೆಯ ಹಾಡು ನಿಧಾನವಾಗಿದ್ದರೆ ವೇಗ ಹೆಚ್ಚಿಸೆಂದು ಒಂದು ಬಾಣ ಬೆಳಗುತ್ತದೆ. ಪೆಟ್ಟು ಹಿಂದೆ ಬಿದ್ದಿದ್ದರೆ ಚಕ್ರವನ್ನು ಮುಂದಕ್ಕೆ ತಳ್ಳೆಂದು ಇನ್ನೊಂದು ಹೇಳುತ್ತದೆ. ಯಂತ್ರಲಯದ ಹಾಡುಗಳೊಂದಿಗೆ ಮೊದಲ ಎರಡು ವಾರ ಇದು ನಿಜಕ್ಕೂ ಒಳ್ಳೆಯ ಗುರು. ಮುಂದೆ ಹೋಗುವುದೆಂದರೇನು, ಹಿಂದೆ ಬೀಳುವುದೆಂದರೇನು ಎಂಬುದನ್ನು ಕಿವಿ ಹಿಡಿಯುವ ಮೊದಲೇ ಕಣ್ಣು ತೋರಿಸಿಕೊಡುತ್ತದೆ, ಮತ್ತು ಸಿಂಕ್ ಗುಂಡಿಯಂತೆ ಕೆಲಸವನ್ನು ತಾನೇ ಮಾಡಿಬಿಡದೆ ನಮ್ಮ ಕೈಯಿಂದಲೇ ಮಾಡಿಸುತ್ತದೆ. ಆದರೆ ಆ ಬಾಣಗಳಿಗೆ ಬುದ್ಧಿ ಬರುವುದು ಡಿಜ್ಯೂಸ್ಡ್ ತಂತ್ರಾಂಶದ ಲೆಕ್ಕಾಚಾರದಿಂದ. ಹಾಡಿನ ಲಯ ಜರುಗಿದಾಗ ಲೆಕ್ಕ ತಪ್ಪುತ್ತದೆ, ಬಾಣವೂ ತಪ್ಪು ದಾರಿ ತೋರಿಸುತ್ತದೆ. ಒಂದು ಭಾನುವಾರ ಹಳೆಯ ಯುಗಳಗೀತೆಯೊಂದರ ಮೇಲೆ ತಮಟೆಯನ್ನು ಕೂರಿಸಲು ಒದ್ದಾಡುತ್ತಿದ್ದಾಗ, ಎಲ್ಲ ಬಾಣಗಳೂ ಆರಿ ಸರಿಯಾಗಿದೆಯೆಂದು ಸೂಚಿಸುತ್ತಿದ್ದರೂ ಹೆಡ್‌ಫೋನಿನಲ್ಲಿ ಕೇಳುತ್ತಿದ್ದದ್ದು ಕುದುರೆ ಮುಗ್ಗರಿಸಿ ಓಡುವಂಥ ಸದ್ದು. ಪಕ್ಕದಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದ ಭಾವ, ‘ಲೈಟ್ ನೋಡ್ಕೊಂಡ್ ಹೊಡಿಯಂಗಿದ್ರೆ ಕಿವಿ ಯಾಕ್ಲಾ ಬೇಕು ನಿಂಗೆ?’ ಎಂದರು. ಅಂದಿನಿಂದ ಆ ಸಹಾಯಕ ದೀಪಗಳನ್ನು ಆರಿಸಿ ಅಭ್ಯಾಸ ಮಾಡಿದೆ. ದೀಪ ಆರಿಸಿದ ಮೇಲೆ ಇನ್‌ಪಲ್ಸ್ 300ರಲ್ಲಿ ಉಳಿಯುವುದು ಬೇಸ್ ಮುಂತಾದವನ್ನು ಏರಿಳಿಸುವ ಮೂರು ಪಟ್ಟಿಯ ಈಕ್ವಲೈಜರ್, ಡೆಕ್ಕಿಗೆ ಬೆರಳಿನಿಂದ ಬಡಿಯುವ ಎಂಟು ಪ್ಯಾಡ್‌ಗಳು, ಚಿಕ್ಕ ಪಿಚ್ ಫೇಡರ್. ಸಾಧಾರಣವಾದರೂ ದೂರುವಂಥದ್ದಲ್ಲ. ಮೈಕ್ ಹಾಕಲು ಜಾಗವಿಲ್ಲ ಎಂಬುದು ಮಾತ್ರ, ಹಾಡಿನ ನಡುವೆ ನಾಲ್ಕು ಮಾತಾಡಿ ಅಭ್ಯಾಸ ಮಾಡಬೇಕೆನ್ನುವವರಿಗೆ ಕೊರತೆಯೇ.

ಮಿಕ್ಸ್‌ಟ್ರ್ಯಾಕ್ ಪ್ರೊ ಎಫ್‌ಎಕ್ಸ್ 2020ರದು. ಅದನ್ನು ಮುಂದಿಟ್ಟುಕೊಂಡ ಕೂಡಲೇ ಕೈಗೆ ತಿಳಿಯುವುದು ಅಗಲ. ಜಾಗ್ ವೀಲ್‌ಗಳು ಆರು ಇಂಚಿನವು. ಪಿಚ್ ಫೇಡರ್‌ಗಳು 100 ಮಿಲಿಮೀಟರ್ ಉದ್ದದವು. ಕಿವಿಯಿಂದಲೇ ಲಯ ಕೂಡಿಸಲು ಹೊರಟವನಿಗೆ ಈ ಉದ್ದ ಅಲಂಕಾರದ ವಿಷಯವಲ್ಲ. ಅದರ ಜೊತೆಗಿನ ಸೆರಾಟೊ ತಂತ್ರಾಂಶದಲ್ಲಿ ವೇಗದ ವ್ಯಾಪ್ತಿಯನ್ನು ಶೇ. 8ರಷ್ಟು ಹೆಚ್ಚು-ಕಡಿಮೆ ಆಗುವಂತೆ ಇಟ್ಟರೆ, ಒಟ್ಟು ಶೇ. 16 ವ್ಯತ್ಯಾಸ 100 ಮಿಲಿಮೀಟರ್‌ಗಳಲ್ಲಿ ಹರಡಿಕೊಳ್ಳುತ್ತದೆ. ಅಂದರೆ ಒಂದು ಮಿಲಿಮೀಟರ್ ಸರಿಸಿದರೆ ಶೇ. 0.16, ಅಂದರೆ 120 ಬಿಪಿಎಂ ಹಾಡಿನಲ್ಲಿ ಸುಮಾರು 0.2 ಬಿಪಿಎಂ. ಎಫ್‌ಎಲ್‌ಎಕ್ಸ್4ರ ಫೇಡರ್ ಸುಮಾರು 60 ಮಿಲಿಮೀಟರ್‌ನದು. ಅದೇ ವ್ಯಾಪ್ತಿಯಲ್ಲಿ ಅದರ ಒಂದು ಮಿಲಿಮೀಟರ್‌ಗೆ ಶೇ. 0.27. ಹಾಡು ಮೆಲ್ಲಗೆ ವೇಗ ಪಡೆಯುತ್ತಿರುವಾಗ ಅದರ ಬೆನ್ನಿಗೇ ಬೆರಳಿನಿಂದ ಫೇಡರ್ ಸರಿಸುತ್ತ ಹೋಗಬೇಕಾದವನಿಗೆ ಈ ವ್ಯತ್ಯಾಸ ನೇರವಾಗಿ ಬೆರಳ ತುದಿಗೇ ತಿಳಿಯುತ್ತದೆ. ಮಿಕ್ಸ್‌ಟ್ರ್ಯಾಕ್‌ನಲ್ಲಿ ಚರಣದ ಉದ್ದಕ್ಕೂ ತಮಟೆಯನ್ನು ಹಾಡಿನ ಜೊತೆಯಲ್ಲಿ ಹಿಡಿದಿಡುವುದು ಮೂರನೆಯ ವಾರದಲ್ಲಿ ನನಗೆ ಸಾಧ್ಯವಾಯಿತು. ದೊಡ್ಡ ಚಕ್ರದ ಅಂಚನ್ನು ಮೆಲ್ಲಗೆ ಸವರಿ ಪೆಟ್ಟನ್ನು ಮುಂದೆ ತಳ್ಳುವುದೂ, ಹಿಂದೆ ಹಿಡಿಯುವುದೂ ಚಿಕ್ಕ ಚಕ್ರಕ್ಕಿಂತ ಸಲೀಸು.

ಹಾಡಿಗೆ ಎಕೋದಂಥ ಎಫೆಕ್ಟ್‌ಗಳನ್ನು ಸೇರಿಸುವ ಅದರ ಎರಡು ಪ್ಯಾಡಲ್‌ಗಳ ಬಗ್ಗೆ ಒಂದು ಮಾತು ಹೇಳಬೇಕು. ಒಂದು ಕಡೆಗೆ ಒತ್ತಿ ಹಿಡಿದರೆ ಹಿಡಿದಷ್ಟು ಹೊತ್ತು ಎಕೋ. ಇನ್ನೊಂದು ಕಡೆಗೆ ತಳ್ಳಿದರೆ ಅಲ್ಲಿಯೇ ನಿಲ್ಲುತ್ತದೆ. ಮಕ್ಕಳಿಗೆ ಇದರಷ್ಟು ಇಷ್ಟವಾಗುವುದು ಬೇರೊಂದಿಲ್ಲ. ನನ್ನ ಅಭ್ಯಾಸಕ್ಕೆ ಅದು ಅಡ್ಡಿಯೇ ಆಯಿತು. ಲಯ ತಪ್ಪಿದಾಗಲೆಲ್ಲ ಎಕೋ ಎಳೆದು ತಪ್ಪನ್ನು ಮುಚ್ಚುವ ಚಟ ಹತ್ತಿತು.

ಮಿಕ್ಸ್‌ಟ್ರ್ಯಾಕ್‌ನ ಜೊತೆಗೆ ಸಿಗುವುದು ಸೆರಾಟೊ ಡಿಜೆ ಲೈಟ್. ಉಚಿತ, ಹಗುರ, ಹಳೆಯ ಲ್ಯಾಪ್‌ಟಾಪಿಗೂ ಭಾರವಾಗದು. ಆದರೆ ತಪ್ಪಾಗಿ ಬಿದ್ದ ಬೀಟ್‌ಗ್ರಿಡ್‌ನ ಗೆರೆಗಳನ್ನು ನಾವೇ ತಿದ್ದಬೇಕೆಂದರೆ ಹಣ ಕೊಟ್ಟು ಪ್ರೊ ಆವೃತ್ತಿಗೆ ಹೋಗಬೇಕು. ಯಂತ್ರಲಯದ ಹಾಡುಗಳಷ್ಟನ್ನೇ ನುಡಿಸುವವರಿಗೆ ಈ ಮಿತಿ ಕಾಣಿಸುವುದೇ ಇಲ್ಲ. ನನ್ನಂಥವನಿಗೆ ಪ್ರತಿ ಎರಡನೆಯ ಹಾಡಿನಲ್ಲಿಯೂ ಎದುರಾಗುತ್ತದೆ. ಹಾಡಿನ ತುಣುಕೊಂದು ಮರಳಿ ಮರಳಿ ನುಡಿಯಲೆಂದು ಲೂಪ್ ಹಾಕಿದರೆ ನಾಲ್ಕು ಪೆಟ್ಟಿನ ಲೂಪ್ ನಾಲ್ಕೂ ಕಾಲು ಪೆಟ್ಟಾಗಿ ಕುಂಟುತ್ತದೆ, ಏಕೆಂದರೆ ಲೂಪ್‌ನ ಅಳತೆಯೂ ಆ ಗೆರೆಗಳದ್ದೇ. ಕಿವಿಯಿಂದ ಲಯ ಕೂಡಿಸಲು ಮಿಕ್ಸ್‌ಟ್ರ್ಯಾಕ್‌ಗಿಂತ ಒಳ್ಳೆಯದು ಈ ಬೆಲೆಯಲ್ಲಿ ನಾನು ಕಂಡಿಲ್ಲ. ಕೂಡಿಸಿದ ಮೇಲೆ ಆ ಹಾಡಿನಲ್ಲಿ ಏನಾದರೂ ಕೆತ್ತನೆ ಮಾಡಬೇಕೆಂದರೆ ತಂತ್ರಾಂಶ ಕೈ ಕಟ್ಟುತ್ತದೆ.

ಎಫ್‌ಎಲ್‌ಎಕ್ಸ್4, ಬಹುಜನಪ್ರಿಯವಾಗಿದ್ದ 2018ರ ಡಿಡಿಜೆ-400ರ ಸ್ಥಾನಕ್ಕೆ 2023ರ ಆರಂಭದಲ್ಲಿ ಬಂದದ್ದು. ಮೂರರಲ್ಲಿ ಬೆಲೆ ಹೆಚ್ಚಿನದು, ತೂಕ ಎರಡು ಕಿಲೋಗ್ರಾಂ ಚಿಲ್ಲರೆ. ಶಾಲೆಯ ಮಗುವಿನ ಬ್ಯಾಗಿನಂಥ ಚೀಲದಲ್ಲಿ ಹಾಕಿಕೊಂಡು ಮೈಸೂರು–ಮಂಡ್ಯ ರೈಲಿನಲ್ಲಿ ನಿಂತುಕೊಂಡೇ ಹೋಗಬಹುದು. ಗುಂಡಿಗಳ ಜೋಡಣೆ ಕ್ಲಬ್‌ಗಳ ದೊಡ್ಡ ಪ್ಲೇಯರ್ ಮತ್ತು ಮಿಕ್ಸರ್‌ಗಳನ್ನು ಹೋಲುತ್ತದೆ ಎಂಬುದನ್ನು ಎಲ್ಲರೂ ಹೊಗಳುತ್ತಾರೆ. ಬೆಂಗಳೂರಿನ ಕ್ಲಬ್‌ನಲ್ಲಿ ನುಡಿಸುವ ಆಸೆಯುಳ್ಳವರಿಗೆ ಅದು ದೊಡ್ಡ ಅನುಕೂಲವೇ ಸರಿ. ನಮ್ಮ ಕಡೆಯ ಕಲ್ಯಾಣ ಮಂಟಪಗಳಲ್ಲಿ ನಾನು ನೋಡಿರುವ ಡಿಜೆಗಳು ತಮ್ಮ ಲ್ಯಾಪ್‌ಟಾಪ್, ತಮ್ಮ ಕಂಟ್ರೋಲರ್‌ಗಳನ್ನು ತಾವೇ ಹೊತ್ತು ತರುವವರು, ಆದ್ದರಿಂದ ನಾನು ಈ ಅಂಶಕ್ಕೆ ಹೆಚ್ಚು ಅಂಕ ಕೊಡಲಿಲ್ಲ. ಸ್ಮಾರ್ಟ್ ಫೇಡರ್ ಎಂಬ ಸೌಲಭ್ಯವೊಂದಿದೆ: ಎರಡು ಡೆಕ್‌ಗಳ ನಡುವೆ ಸರಿಯುವ ಕ್ರಾಸ್‌ಫೇಡರ್ ಅನ್ನು ಸರಿಸುತ್ತಿದ್ದಂತೆ ಶಬ್ದದ ಮಟ್ಟ, ಬೇಸ್, ವೇಗ ಎಲ್ಲವನ್ನೂ ಅದೇ ಹೊಂದಿಸಿಕೊಂಡು ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಕಲಿಯಲೆಂದೇ ಕೊಳ್ಳುವ ಉಪಕರಣದಲ್ಲಿ ಕಲಿಯಬೇಕಾದುದನ್ನೇ ತಪ್ಪಿಸುವ ಗುಂಡಿ ಏಕಿದೆಯೋ! ಎರಡನೆಯ ದಿನವೇ ಅದನ್ನು ಮರೆತೆ.

ಆದರೆ ಇದರ ಜೊತೆಗಿನ ರೆಕಾರ್ಡ್‌ಬಾಕ್ಸ್ ತಂತ್ರಾಂಶ ನನ್ನ ಸಮಸ್ಯೆಯ ಬುಡವನ್ನೇ ಮುಟ್ಟಿತು. ಎಫ್‌ಎಲ್‌ಎಕ್ಸ್4 ಅನ್ನು ಜೋಡಿಸಿದರೆ ಸಾಕು, ತಿಂಗಳ ಚಂದಾ ಇಲ್ಲದೆಯೇ ಹಾಡು ಬೆರೆಸಿ ನುಡಿಸಲು ಬೇಕಾದ ಅದರ ಪರ್ಫಾರ್ಮೆನ್ಸ್ ಮೋಡ್ ತೆರೆದುಕೊಳ್ಳುತ್ತದೆ. ಹಾಡನ್ನು ವಿಶ್ಲೇಷಿಸುವಾಗ ನಾರ್ಮಲ್ ಮತ್ತು ಡೈನಾಮಿಕ್ ಎಂಬ ಎರಡು ಬಗೆಗಳಿವೆ. ಡೈನಾಮಿಕ್ ಆರಿಸಿದರೆ, ಹಾಡಿನ ವೇಗ ಬದಲಾದಂತೆ ಗೆರೆಗಳ ಅಂತರವೂ ಬದಲಾಗುತ್ತದೆ. ಹಳೆಯ ಗೀತೆಗಳಲ್ಲಿ ಹಲವು ಹೀಗೆ ಒಂದೇ ಸಲಕ್ಕೆ ಸರಿಹೋದವು. ಉಳಿದವನ್ನು ಚರಣ, ಮಧ್ಯಸಂಗೀತಗಳ ಆರಂಭದಲ್ಲಿ ಗೆರೆಯನ್ನು ಕೈಯಿಂದ ಸರಿಸಿ ತಿದ್ದಿಕೊಂಡೆ. ಒಂದು ಹಾಡಿಗೆ ಹತ್ತು ನಿಮಿಷದ ಕೆಲಸ. ರಾತ್ರಿ ಕೈ ಸೋತಾಗ ಮಾಡಲು ಇದಕ್ಕಿಂತ ನೆಮ್ಮದಿಯ ಕೆಲಸವಿಲ್ಲ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ. ಹಾಗೆ ತಿದ್ದಿದ ಹಾಡುಗಳಲ್ಲಿ ಲೂಪ್ ಕುಂಟುವುದಿಲ್ಲ, ಎಕೋ ಲಯ ಬಿಡುವುದಿಲ್ಲ.

ಚಿಕ್ಕ ಫೇಡರ್‌ನ ಕೊರತೆಗೂ ಒಂದು ಉಪಾಯ ಸಿಕ್ಕಿತು. ರೆಕಾರ್ಡ್‌ಬಾಕ್ಸ್‌ನಲ್ಲಿ ವೇಗದ ವ್ಯಾಪ್ತಿಯನ್ನು ಶೇ. 6ಕ್ಕೆ ಇಳಿಸಬಹುದು. ಆಗ ಒಟ್ಟು ಶೇ. 12 ವ್ಯತ್ಯಾಸ 60 ಮಿಲಿಮೀಟರ್‌ಗಳಲ್ಲಿ ಹರಡಿ, ಮಿಲಿಮೀಟರ್‌ಗೆ ಶೇ. 0.2 ಆಗುತ್ತದೆ. ಮಿಕ್ಸ್‌ಟ್ರ್ಯಾಕ್‌ನ 0.16ಕ್ಕೆ ಇದು ಸಮವಲ್ಲ, ಆದರೆ ದೂರವೂ ಅಲ್ಲ. 120ರ ಹಾಡನ್ನು ಸುಮಾರು 113ರಿಂದ 127ರವರೆಗೆ ಎಳೆಯಲು ಇಷ್ಟು ವ್ಯಾಪ್ತಿ ಸಾಕು. ಅದಕ್ಕೂ ಮೀರಿ ಎಳೆಯುವುದು ಚಿತ್ರಗೀತೆಗಳಿಗೆ ಒಳ್ಳೆಯದೂ ಅಲ್ಲ: ವೇಗ ಶೇ. 6ರಷ್ಟು ಹೆಚ್ಚಿದರೆ ಶ್ರುತಿ ಸುಮಾರು ಅರ್ಧ ಸ್ವರ ಮೇಲೇರುತ್ತದೆ, ಕೀ ಲಾಕ್ ಹಾಕಿ ಶ್ರುತಿಯನ್ನು ಹಿಡಿದಿಟ್ಟರೂ ಗಾಯಕರ ಧ್ವನಿಯಲ್ಲಿ ಒಂದು ಬಗೆಯ ನಡುಕ ಸೇರಿಕೊಳ್ಳುತ್ತದೆ. ಪರಿಚಿತ ಕಂಠ ಕೆಟ್ಟರೆ ನಮ್ಮ ಜನ ಸಹಿಸುವುದಿಲ್ಲ.

ಇನ್ನು ಸಣ್ಣಪುಟ್ಟ ವಿಷಯಗಳು. ಮಿಕ್ಸ್‌ಟ್ರ್ಯಾಕ್‌ನಲ್ಲಿ ಹೆಡ್‌ಫೋನ್‌ಗೆ ದೊಡ್ಡ ಮತ್ತು ಚಿಕ್ಕ ಎರಡೂ ಅಳತೆಯ ರಂಧ್ರಗಳಿವೆ, ಉಳಿದೆರಡರಲ್ಲಿ 3.5 ಮಿಲಿಮೀಟರ್‌ನದು ಮಾತ್ರ. ಮಿಕ್ಸ್‌ಟ್ರ್ಯಾಕ್ ಮತ್ತು ಎಫ್‌ಎಲ್‌ಎಕ್ಸ್4 ಎರಡಕ್ಕೂ ಮೈಕ್ ಹಾಕಬಹುದು. ಮೂರರ ಹಿಂಭಾಗದಲ್ಲಿಯೂ ಆರ್‌ಸಿಎ ಇರುವುದರಿಂದ ಮನೆಯ ಹಳೆಯ ಹೋಮ್ ಥಿಯೇಟರ್‌ಗೆ ಕೆಂಪು-ಬಿಳಿ ತಂತಿ ಸಿಕ್ಕಿಸಿದರೆ ಸಾಕು. ಹಾಗೆ ಸಿಕ್ಕಿಸಿದಾಗ ಗುಂಯ್ ಎಂಬ ಸದ್ದು ಬಂದರೆ ಕಂಟ್ರೋಲರ್ ಅನ್ನು ಬೈಯುವ ಮುನ್ನ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಬೇಕು. ಅರ್ಥಿಂಗ್ ಸರಿಯಿಲ್ಲದ ಹಳೆಯ ಮನೆಗಳಲ್ಲಿ ದೋಷ ಹೆಚ್ಚಾಗಿ ಅಲ್ಲಿರುತ್ತದೆ. ಗುಂಡಿ ಒತ್ತಿದ ಮೇಲೆ ಸದ್ದು ತಡವಾಗಿ ಬಂದಂತೆ ಅನಿಸಿದರೆ ತಂತ್ರಾಂಶದ ಬಫರ್ (ಶಬ್ದವನ್ನು ಕೂಡಿಟ್ಟು ಕಳಿಸುವ ಕಂತು) ಗಾತ್ರವನ್ನು ಇಳಿಸಬೇಕು. 44.1 ಕಿಲೋಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ ಎಂದರೆ 23 ಮಿಲಿಸೆಕೆಂಡ್ ತಡ, 256 ಎಂದರೆ ಆರಕ್ಕೂ ಕಡಿಮೆ. ನನ್ನ ಐದು ವರ್ಷ ಹಳೆಯ ಲ್ಯಾಪ್‌ಟಾಪ್ 256ನ್ನು ಮೂರೂ ಕಂಟ್ರೋಲರ್‌ಗಳಲ್ಲಿ ತಡೆದುಕೊಂಡಿತು.

ಇವಕ್ಕಿಂತ ಅಗ್ಗದ ಎರಡನ್ನೂ ಅಂಗೈಯಲ್ಲಿ ಆಡಿಸಿ ನೋಡಿದ್ದೇನೆ. ನ್ಯೂಮಾರ್ಕ್ ಡಿಜೆ2ಗೋ2 ಟಚ್ ಒಂದು ಸ್ಕೇಲಿನಷ್ಟು ಉದ್ದದ ಪುಟ್ಟ ವಸ್ತು. ಅದರಲ್ಲಿ ಈಕ್ವಲೈಜರ್‌ನ ತಿರುಗುಗುಂಡಿಗಳೇ ಇಲ್ಲ, ಎರಡು ಹಾಡುಗಳ ಬೇಸ್ ಒಂದರ ಮೇಲೊಂದು ಬಿದ್ದಾಗ ಒಂದನ್ನು ಇಳಿಸಲು ಮೌಸ್ ಹಿಡಿಯಬೇಕು. ಡಿಡಿಜೆ-200ರಲ್ಲಿ ಸೌಂಡ್ ಕಾರ್ಡೇ ಇಲ್ಲ. ಹೆಡ್‌ಫೋನ್‌ಗೆ ಒಂದು, ಸ್ಪೀಕರ್‌ಗೆ ಒಂದು ಎಂದು ಕವಲೊಡೆಯುವ ತಂತಿಯಿಂದ ಕೆಲಸ ಸಾಗಿಸಬೇಕು. ರಾತ್ರಿ ಹೆಡ್‌ಫೋನಿನಲ್ಲಿಯೇ ಎಲ್ಲವನ್ನೂ ಮಾಡಬೇಕಾದವನಿಗೆ ಎರಡೂ ಒಗ್ಗುವುದಿಲ್ಲ.

ಕಡೆಗೆ ನಾನು ಕೊಂಡದ್ದು ಎಫ್‌ಎಲ್‌ಎಕ್ಸ್4, ನಿಗದಿಮಾಡಿಕೊಂಡ ಮೊತ್ತವನ್ನು ತುಸು ಮೀರಿ. ಕೈಗೆ ಹಿತವಾದದ್ದು ಮಿಕ್ಸ್‌ಟ್ರ್ಯಾಕ್ ಆದರೂ, ನನ್ನ ಹಾಡುಗಳಿಗೆ ಹೊಂದುವ ತಂತ್ರಾಂಶ ಇದರ ಜೊತೆಗೆ ಬಂದಿತು. ಸಂಗ್ರಹದಲ್ಲಿ ಹೊಸ ಹಾಡುಗಳೇ ಹೆಚ್ಚಿದ್ದಿದ್ದರೆ ಮಿಕ್ಸ್‌ಟ್ರ್ಯಾಕ್ ಕೊಂಡು ಹಣ ಉಳಿಸುತ್ತಿದ್ದೆ. ಲಯವೆಂದರೇನೆಂದೇ ತಿಳಿಯದ ಹದಿನಾಲ್ಕರ ಹುಡುಗನಿಗೆ ಕೊಡಿಸುವುದಾದರೆ ಹರ್ಕ್ಯುಲಿಸ್. ತಮಟೆಯ ಧ್ವನಿಮುದ್ರಣಗಳು ಮಾತ್ರ ಯಾವ ಗ್ರಿಡ್‌ಗೂ ಬಗ್ಗಿಲ್ಲ. ಅವುಗಳ ವೇಗವನ್ನು ಶೇ. 6ಕ್ಕಿಂತ ಆಚೆ ಎಳೆಯಬೇಕಾಗುತ್ತದೆ, ಶೇ. 16ರಷ್ಟು ಹೆಚ್ಚು-ಕಡಿಮೆ ಆಗುವ ವ್ಯಾಪ್ತಿಗೆ ಹೋದರೆ ನನ್ನ ಚಿಕ್ಕ ಫೇಡರ್‌ನ ಒಂದು ಮಿಲಿಮೀಟರ್‌ಗೆ ಅರ್ಧ ಶೇಕಡಾಕ್ಕಿಂತ ಹೆಚ್ಚು ಜಿಗಿತ. ಅದಕ್ಕಾಗಿ ತಿಂಗಳಿಗೆರಡು ಭಾನುವಾರ ಪೆನ್‌ಡ್ರೈವ್‌ನಲ್ಲಿ ತಮಟೆ ತುಂಬಿಕೊಂಡು ಮಂಡ್ಯಕ್ಕೆ ಹೋಗಿ, ಭಾವನ ಗೋಡೌನಿನಲ್ಲಿ ಮಡಚಿಟ್ಟ ಶಾಮಿಯಾನದ ರಾಶಿಯ ಪಕ್ಕ ಕುಳಿತು, ಅವರ ಉದ್ದನೆಯ ಫೇಡರ್‌ನ ಮೇಲೆ ಬೆರಳಿಡುತ್ತೇನೆ.